ಗ್ರೀನ್‌ಲ್ಯಾಂಡಿನಲ್ಲಿ ಸಂಸಾರ ಹೂಡಿದವರು



ಟೆಲಿವಿಷನ್ ಪರದೆಯ ಮೇಲೆ ಒಂದು ಮಾತುಕತೆಗೆ ದೊರೆಯುವ ಕಾಲ ತೀರ ಕಡಿಮೆ. ಅತಿಥಿಗಳು ಮಾತಿನ ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ, ನಿರ್ಮಾಪಕನಾದ ನಾನು ಸಮಯ ಮುಗಿಯಿತೆಂದು ಸನ್ನೆ ಮಾಡಿಸಬೇಕಾಗುತ್ತದೆ. ಹಾಗೆ ಅರ್ಧಕ್ಕೆ ನಿಂತ ಮಾತುಗಳಿಗಾಗಿಯೇ ಈ ಪುಸ್ತಿಕೆ. ಧ್ರುವ ಪ್ರದೇಶ ಎಂದರೆ ನಾವು ಹಿಮ, ಹಿಮಕರಡಿ, ಅನ್ವೇಷಕರ ಸಾಹಸ ಇವನ್ನೆಲ್ಲ ತಪ್ಪದೆ ಹೇಳುತ್ತೇವೆ. ಅಲ್ಲಿಗೆ ಹೋಗಿ ಒಲೆ ಹೂಡಿದವರ, ಮಕ್ಕಳನ್ನು ಬೆಳೆಸಿದವರ ವಿಷಯ ಬರುವುದು ಅಪರೂಪ. ಅಂಥ ಒಬ್ಬ ಗಂಡ ಹೆಂಡತಿಯ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ನಾನು ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಆದ್ದರಿಂದ ನಡುನಡುವೆ ಇತಿಹಾಸದ ದಾರಿ ಬಿಟ್ಟು ಅತ್ತ ಹೊರಳಿದರೆ ಸಹಿಸಿಕೊಳ್ಳಿ.

ಮೊದಲು ನಿಮ್ಮ ಭೂಪಟವನ್ನು ತೆರೆಯಿರಿ. ನಾರ್ವೆ ದೇಶದ ಬರ್ಗೆನ್ ಬಂದರನ್ನು ಗುರುತಿಸಿ. ಅಲ್ಲಿಂದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರವನ್ನು ದಾಟಿ, ಗ್ರೀನ್‌ಲ್ಯಾಂಡಿನ ದಕ್ಷಿಣದ ತುದಿಯನ್ನು ಸುತ್ತಿಕೊಂಡು, ಅದರ ಪಶ್ಚಿಮ ಕರಾವಳಿಯಲ್ಲಿ ಮೇಲಕ್ಕೆ ಬನ್ನಿ. 64 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ನೂಕ್ ಎಂಬ ಊರು ಸಿಗುತ್ತದೆ. ಇಂದು ಅದು ಗ್ರೀನ್‌ಲ್ಯಾಂಡಿನ ರಾಜಧಾನಿ. ಉತ್ತರ ಧ್ರುವ ವೃತ್ತವಿರುವುದು 66½ ಡಿಗ್ರಿಯಲ್ಲಲ್ಲವೇ, ಇದು ಅದರ ಕೆಳಗಿದೆಯಲ್ಲ ಎಂದು ನಿಮ್ಮಲ್ಲಿ ಚುರುಕಾದವರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಆ ಗೆರೆ ಹೇಳುವುದು ಸೂರ್ಯನ ಲೆಕ್ಕವನ್ನು, ಚಳಿಯ ಲೆಕ್ಕವನ್ನಲ್ಲ. ಅತ್ಯಂತ ಬೆಚ್ಚಗಿನ ತಿಂಗಳಿನ ಸರಾಸರಿ ಉಷ್ಣತೆಯೂ 10 ಡಿಗ್ರಿ ಸೆಲ್ಸಿಯಸ್ ಮುಟ್ಟದ ನಾಡನ್ನು ಹವಾಮಾನ ಶಾಸ್ತ್ರಜ್ಞರು ಆರ್ಕ್ಟಿಕ್ ಎನ್ನುತ್ತಾರೆ. ನೂಕ್ ಅಂಥ ಊರು. ಅಲ್ಲಿ ಕಾಡಿಲ್ಲ, ಹೊಲವಿಲ್ಲ. ಗ್ರೀನ್‌ಲ್ಯಾಂಡ್ ನಮ್ಮ ಕರ್ನಾಟಕದ ಹನ್ನೊಂದು ಪಟ್ಟು ದೊಡ್ಡದು. ಆದರೆ ಅದರ ಐದರಲ್ಲಿ ನಾಲ್ಕು ಪಾಲು ನೆಲ ಮಂಜುಗಡ್ಡೆಯ ಅಡಿಯಲ್ಲಿದೆ. ಮನುಷ್ಯರು ಬದುಕುವುದೆಲ್ಲ ಸಮುದ್ರದ ಅಂಚಿನ ಬಂಡೆಗಳ ಮೇಲೆ.

ನಮ್ಮ ಕಥೆ ಆರಂಭವಾಗುವುದು ಒಂದು ಮದುವೆಯಿಂದ. ಆದರೆ ಅದು ಬೇರೆ ದಂಪತಿಯ ಮದುವೆ.

ಕ್ರಿ.ಶ. 985ರ ಸುಮಾರಿಗೆ ಕೆಂಪು ಕೂದಲಿನ ಎರಿಕ್ ಎಂಬ ನಾಯಕ ಐಸ್‌ಲ್ಯಾಂಡಿನಿಂದ ಜನರನ್ನು ಕರೆದುಕೊಂಡು ಹೋಗಿ ಗ್ರೀನ್‌ಲ್ಯಾಂಡಿನ ದಕ್ಷಿಣ ಭಾಗದಲ್ಲಿ ನೆಲೆ ಮಾಡಿದ. ಈ ನಾರ್ಸ್ ಜನ ದನ ಕುರಿ ಸಾಕಿಕೊಂಡು, ಕಲ್ಲಿನ ಚರ್ಚುಗಳನ್ನು ಕಟ್ಟಿಕೊಂಡು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಬಾಳಿದರು. 1408ರ ಸೆಪ್ಟೆಂಬರಿನಲ್ಲಿ ಹ್ವಾಲ್ಸೇ ಎಂಬಲ್ಲಿಯ ಚರ್ಚಿನಲ್ಲಿ ಸಿಗ್ರಿಡ್ ಎಂಬವಳಿಗೂ ಥೋರ್ಸ್ಟೈನ್ ಎಂಬವನಿಗೂ ಮದುವೆಯಾಯಿತು. ಆಮೇಲೆ ಅವರು ಐಸ್‌ಲ್ಯಾಂಡಿಗೆ ಹೋಗಿ ನೆಲೆಸಿದರು. ಅಲ್ಲಿ ತಮ್ಮ ಮದುವೆ ಕ್ರಮಬದ್ಧವಾಗಿ ನಡೆದಿತ್ತೆಂದು ಸಾಕ್ಷಿಪತ್ರ ಮಾಡಿಸಬೇಕಾಗಿ ಬಂದುದರಿಂದ ಆ ಸಂಗತಿ ನಮಗೆ ತಿಳಿಯಿತು. ಗ್ರೀನ್‌ಲ್ಯಾಂಡಿನ ನಾರ್ಸ್ ಜನರ ಬಗ್ಗೆ ಉಳಿದಿರುವ ಕಟ್ಟಕಡೆಯ ಲಿಖಿತ ದಾಖಲೆ ಅದೇ. ಆಮೇಲೆ ಮೌನ. ಚಳಿ ಹೆಚ್ಚಿತು, ಹಡಗುಗಳು ನಿಂತುಹೋದವು, ಆ ಊರುಗಳು ಬರಿದಾದವು. ಆದರೆ ಯೂರೋಪಿನಲ್ಲಿದ್ದವರಿಗೆ ಅದು ತಿಳಿಯಲಿಲ್ಲ. ಅಲ್ಲಿ ನಮ್ಮವರು ಈಗಲೂ ಇದ್ದಾರೆ ಎಂದೇ ಅವರು ನಂಬಿದ್ದರು.

ಹಾಗೆ ನಂಬಿದವರಲ್ಲಿ ಹಾನ್ಸ್ ಎಗೆಡೆ ಒಬ್ಬ. 1686ರಲ್ಲಿ ಉತ್ತರ ನಾರ್ವೆಯಲ್ಲಿ ಹುಟ್ಟಿದವನು. ಕೋಪನ್‌ಹೇಗನ್ನಿನಲ್ಲಿ ದೇವಶಾಸ್ತ್ರ ಓದಿ, 1707ರಲ್ಲಿ ಲೊಫೋಟೆನ್ ದ್ವೀಪಗಳ ಒಂದು ಊರಿಗೆ ಪಾದ್ರಿಯಾಗಿ ಬಂದ. ಅದೇ ವರ್ಷ ಗೆರ್ಟ್ರುಡ್ ರಾಸ್ಕ್ ಎಂಬವಳನ್ನು ಮದುವೆಯಾದ. ಆಕೆ ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ಗ್ರೀನ್‌ಲ್ಯಾಂಡಿನಲ್ಲಿ ಕಳೆದುಹೋದ ಆ ಬಂಧುಗಳಿಗೆ ಮುನ್ನೂರು ವರ್ಷಗಳಿಂದ ಪಾದ್ರಿಯಿಲ್ಲ, ಯೂರೋಪಿನ ಧರ್ಮಸುಧಾರಣೆಯ ಸುದ್ದಿಯೂ ಅವರಿಗೆ ಮುಟ್ಟಿಲ್ಲ, ನಾನು ಹೋಗಿ ಅವರನ್ನು ಕಾಣಬೇಕು ಎಂಬುದು ಎಗೆಡೆಯ ಹಟವಾಯಿತು. ಗೆರ್ಟ್ರುಡ್ ಮೊದಲು ಒಪ್ಪಲಿಲ್ಲ. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಲೋಕದ ಅಂಚಿಗೆ ಹೋಗುವುದೆಂದರೆ ಯಾವ ತಾಯಿ ತಾನೇ ಒಪ್ಪುತ್ತಾಳೆ? ಕೆಲವು ವರ್ಷಗಳ ಮೇಲೆ, ಇದ್ದ ಊರಿನಲ್ಲಿಯೂ ಒಂದರ ಮೇಲೊಂದು ಕಷ್ಟ ಬಂದಾಗ ಆಕೆಯ ಮನಸ್ಸು ತಿರುಗಿತು. ಹಾಗೆ ತಿರುಗಿದ ಮನಸ್ಸು ಮತ್ತೆ ಗಂಡನಿಗಿಂತಲೂ ಗಟ್ಟಿಯಾಯಿತೆಂಬುದನ್ನು ಮುಂದೆ ನೋಡುತ್ತೀರಿ.

ಆಗ ನಾರ್ವೆ ಡೆನ್ಮಾರ್ಕಿನ ರಾಜನ ಆಳ್ವಿಕೆಯಲ್ಲಿತ್ತು. ಆ ರಾಜ, ನಾಲ್ಕನೆಯ ಫ್ರೆಡರಿಕ್, ನಮ್ಮ ದೇಶದ ಚರಿತ್ರೆಯಲ್ಲೂ ಬರುತ್ತಾನೆ. ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ 1706ರಲ್ಲಿ ಜೀಗನ್‌ಬಾಲ್ಗ್ ಮತ್ತು ಪ್ಲೂಟ್ಶೋ ಎಂಬ ಇಬ್ಬರು ಮಿಷನರಿಗಳು ಬಂದರಲ್ಲ, ಅವರನ್ನು ಕಳುಹಿಸಿದವನು ಅವನೇ. ಇಂಥ ಕೆಲಸವನ್ನು ನೋಡಿಕೊಳ್ಳಲು 1714ರಲ್ಲಿ ಕೋಪನ್‌ಹೇಗನ್ನಿನಲ್ಲಿ ಒಂದು ಮಂಡಳಿಯೂ ಏರ್ಪಟ್ಟಿತು. ಬೆವರಿಳಿಯುವ ತರಂಗಂಬಾಡಿಯ ಕಡತವೂ ಹಿಮ ಸುರಿಯುವ ಗ್ರೀನ್‌ಲ್ಯಾಂಡಿನ ಕಡತವೂ ಮುಂದೆ ಆ ಒಂದೇ ಕಚೇರಿಯಲ್ಲಿ ಇರುವಂತಾಯಿತು. ಆದರೆ ರಾಜನ ಬಳಿ ಹಣವಿರಲಿಲ್ಲ. ಎಗೆಡೆ ಊರಿನ ಕೆಲಸ ಬಿಟ್ಟು, ಬರ್ಗೆನ್ನಿನ ವರ್ತಕರ ಮನೆಬಾಗಿಲು ಸುತ್ತಿ ಒಂದು ಕಂಪನಿ ಕಟ್ಟಿಸಿದ. ವರ್ತಕರಿಗೆ ಬೇಕಾಗಿದ್ದುದು ತಿಮಿಂಗಿಲದ ಕೊಬ್ಬು. ಪಾದ್ರಿಗೆ ಬೇಕಾಗಿದ್ದುದು ಆತ್ಮಗಳು. ಹಡಗು ಮಾತ್ರ ಒಂದೇ. 1721ರ ಮೇ ತಿಂಗಳಲ್ಲಿ ಅದು ಹೊರಟಿತು. ಹಡಗಿನ ಹೆಸರು ‘ಹೋಬೆತ್’, ಎಂದರೆ ‘ಭರವಸೆ’. ಎಗೆಡೆಗೆ ಮೂವತ್ತೈದು ವರ್ಷ, ಗೆರ್ಟ್ರುಡಳಿಗೆ ನಲವತ್ತೆಂಟು. ಜೊತೆಗೆ ಪೋಲ್ ಮತ್ತು ನೀಲ್ಸ್ ಎಂಬ ಇಬ್ಬರು ಗಂಡುಮಕ್ಕಳು, ಅವರಿಗಿಂತ ಚಿಕ್ಕವರಾದ ಇಬ್ಬರು ಹೆಣ್ಣುಮಕ್ಕಳು, ಮತ್ತೆ ಸುಮಾರು ನಲವತ್ತು ಜನ.

ಜುಲೈ 3ರಂದು ಅವರು ನೂಕ್‌ನ ಎದುರಿಗಿರುವ ದ್ವೀಪವೊಂದರಲ್ಲಿ ಇಳಿದರು. ಅದಕ್ಕೂ ಭರವಸೆಯ ದ್ವೀಪವೆಂದು ಹೆಸರಿಟ್ಟರು. ಕಲ್ಲು ಮತ್ತು ಹುಲ್ಲುಹೆಂಟೆಗಳಿಂದ ಗೋಡೆ ಎಬ್ಬಿಸಿ, ಒಳಗೆ ಹಲಗೆ ಹೊದಿಸಿ ಮನೆ ಕಟ್ಟಿಕೊಂಡರು. ಆ ನಾಡಿನ ಜನ ನೋಡಲು ಬಂದರು. ಅವರು ನಾರ್ಸ್ ಜನರಲ್ಲ, ಇನೂಇಟ್ ಜನ. ಪಠ್ಯಪುಸ್ತಕಗಳಲ್ಲಿ ನಾವು ಓದಿದ ‘ಎಸ್ಕಿಮೋ’ ಎಂಬ ಹೆಸರು ಹೊರಗಿನವರು ಇಟ್ಟದ್ದು. ಗ್ರೀನ್‌ಲ್ಯಾಂಡಿನವರು ತಮ್ಮನ್ನು ಕಲಾಲ್ಲಿತ್ ಎಂದು ಕರೆದುಕೊಳ್ಳುತ್ತಾರೆ. ಅವರಿಗೆ ಬಿಳಿಯರು ಹೊಸಬರೇನಲ್ಲ. ಬೇಸಿಗೆಯಲ್ಲಿ ಡಚ್ಚರ ಹಡಗುಗಳು ಬಂದು ಕೊಬ್ಬು ಕೊಂಡು, ಸೂಜಿ ಚಾಕು ಕೊಟ್ಟು ಹೋಗುತ್ತಿದ್ದವು. ಆದರೆ ಈ ಸಲ ಬಂದವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಮೇಲಾಗಿ ಗೋಡೆ ಏಳುತ್ತಿತ್ತು. ಇವರು ಹಿಂದಿರುಗುವವರಲ್ಲವೆಂದು ತಿಳಿದಾಗ ಆ ಜನ ಅಳುಕಿ ದೂರ ಸರಿದರು. ಗೆರ್ಟ್ರುಡಳ ಪಾಲಿಗೆ ಅದು ಒಂದು ಸಂಸಾರ. ಅವರ ಪಾಲಿಗೆ ಅದೊಂದು ಸೂಚನೆ.

ಎಗೆಡೆ ಹುಡುಕಿಕೊಂಡು ಬಂದ ಬಂಧುಗಳು ಎಲ್ಲಿಯೂ ಇರಲಿಲ್ಲ. 1723ರಲ್ಲಿ ಆತ ದೋಣಿಯಲ್ಲಿ ದಕ್ಷಿಣಕ್ಕೆ ಹೋಗಿ ಹ್ವಾಲ್ಸೇ ಚರ್ಚಿನ ಬರಿಯ ಗೋಡೆಗಳನ್ನು ಕಂಡ. ಸಿಗ್ರಿಡಳ ಮದುವೆಯಾದ ಚರ್ಚು ಅದು. ಚಾವಣಿಯಿಲ್ಲದೆ ನಿಂತಿತ್ತು. ಬಂದ ಉದ್ದೇಶವೇ ಹೀಗೆ ಕುಸಿದಾಗ ಎಗೆಡೆ ಮಾಡಿದ ತೀರ್ಮಾನ ಸರಳ. ಬಂಧುಗಳಿಲ್ಲದಿದ್ದರೆ ಇಲ್ಲ, ಇರುವವರಿಗೇ ಕ್ರಿಸ್ತನ ಮಾತನ್ನು ಹೇಳುತ್ತೇನೆ. ಅದಕ್ಕೆ ಅವರ ಭಾಷೆ ಬರಬೇಕು.

ಆ ಭಾಷೆ ಸುಲಭವಲ್ಲ. ಯೂರೋಪಿನವರಿಗೆ ಅದು ಬೆಟ್ಟದಂತೆ ಕಂಡಿತು. ಕನ್ನಡಿಗರಾದ ನಮಗೆ ಅದರ ಗುಟ್ಟು ಸ್ವಲ್ಪ ಬೇಗ ಹಿಡಿಯಬಹುದೇನೋ. ಏಕೆಂದರೆ ಅಲ್ಲಿಯೂ ಪದದ ಬೆನ್ನಿಗೆ ಪ್ರತ್ಯಯಗಳನ್ನು ಜೋಡಿಸುತ್ತ ಹೋಗುತ್ತಾರೆ. ‘ಇಲ್ಲು’ ಎಂದರೆ ಮನೆ, ‘ಇಲ್ಲುಮಿ’ ಎಂದರೆ ಮನೆಯಲ್ಲಿ. ವ್ಯತ್ಯಾಸವೆಂದರೆ ನಾವು ಎರಡು ಮೂರು ಪ್ರತ್ಯಯಗಳಿಗೆ ನಿಲ್ಲಿಸುತ್ತೇವೆ, ಅವರು ಒಂದು ಇಡೀ ವಾಕ್ಯವನ್ನೇ ಒಂದು ಪದದಲ್ಲಿ ಮುಗಿಸುತ್ತಾರೆ. ಎಗೆಡೆ ‘ಇದೇನು?’ ಎಂದು ಕೇಳಲು ಕಲಿತು, ಕಂಡಕಂಡದ್ದನ್ನು ತೋರಿಸಿ ಉತ್ತರವನ್ನು ಬರೆದುಕೊಳ್ಳತೊಡಗಿದ. ಗಂಡುಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಮನೆಗಳಲ್ಲೇ ಉಳಿದ. ಅಪ್ಪನಿಗೆ ಅದು ಕೊನೆಯವರೆಗೂ ತಡವರಿಸುವ ಭಾಷೆಯಾಗಿಯೇ ಉಳಿಯಿತು. ಹುಡುಗರು ಮಾತ್ರ ಅಲ್ಲಿಯ ಹುಡುಗರ ಜೊತೆ ಆಡುತ್ತ ಆಡುತ್ತ ಕಲಿತುಬಿಟ್ಟರು. ಪೋಲ್ ಬೈಬಲ್ಲಿನ ಪ್ರಸಂಗಗಳನ್ನು ಚಿತ್ರವಾಗಿ ಬರೆದುಕೊಡುವನು. ಅಪ್ಪ ಅದನ್ನು ತೋರಿಸಿ ಮಾತಾಡುವನು. ದೃಶ್ಯ ಮಾಧ್ಯಮದಲ್ಲಿ ಅನ್ನ ತಿನ್ನುವ ನನಗೆ ಈ ಹುಡುಗನ ಮೇಲೆ ಸ್ವಲ್ಪ ಹೆಚ್ಚಿನ ಪ್ರೀತಿ. ಆದರೆ ಚಿತ್ರ ಬರೆದರೂ ತೀರದ ತೊಡಕುಗಳಿದ್ದವು. ಒಂದು ಕಾಳು ಧಾನ್ಯ ಬೆಳೆಯದ ನಾಡಿನಲ್ಲಿ ‘ದಿನದಿನದ ರೊಟ್ಟಿ’ ಕೊಡೆಂದು ಪ್ರಾರ್ಥಿಸುವುದು ಹೇಗೆ? ಕುರಿಯನ್ನೇ ಕಾಣದವರಿಗೆ ಕುರುಬನ ಕಥೆ ಹೇಳುವುದು ಹೇಗೆ?

ಅವರ ಮನೆಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಹಿಮದ ಇಟ್ಟಿಗೆಯ ಗುಮ್ಮಟವನ್ನು ಮನಸ್ಸಿನಿಂದ ತೆಗೆದುಹಾಕಿ. ಪಶ್ಚಿಮ ಗ್ರೀನ್‌ಲ್ಯಾಂಡಿನವರ ಚಳಿಗಾಲದ ಮನೆ ಕಲ್ಲು ಮತ್ತು ಹುಲ್ಲುಹೆಂಟೆಯದು. ಒಂದೊಂದರಲ್ಲಿ ಹಲವು ಸಂಸಾರಗಳು. ಒಳಗೆ ಹೋಗಲು ಬಾಗಿಲಿಲ್ಲ, ಬಗ್ಗಿ ತೆವಳಿಕೊಂಡು ಹೋಗುವ ಉದ್ದನೆಯ ಸುರಂಗ. ಅದರ ನೆಲ ಮನೆಯ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ. ಏಕೆ ಗೊತ್ತೇ? ತಣ್ಣನೆಯ ಗಾಳಿ ಭಾರ, ಬಿಸಿ ಗಾಳಿ ಹಗುರ. ಹೊರಗಿನ ಶೀತಗಾಳಿ ಸುರಂಗದ ತಗ್ಗಿನಲ್ಲೇ ತಂಗಿ ನಿಲ್ಲುತ್ತದೆ. ಒಳಗಿನ ಬಿಸಿ ಗಾಳಿ ಮೇಲೆಯೇ ಉಳಿಯುತ್ತದೆ. ಮಲಗುವ ಜಗಲಿಯನ್ನೂ ಎತ್ತರದಲ್ಲಿ ಕಟ್ಟುತ್ತಾರೆ. ಬಾಗಿಲು ಹಾಕದೆಯೇ ಬಾಗಿಲು ಮುಚ್ಚಿದಂತೆ! ಕಿಟಕಿಗೆ ಗಾಜಿನ ಬದಲು ಸೀಲ್ ಪ್ರಾಣಿಯ ಕರುಳನ್ನು ಹೊಲಿದ ಪೊರೆ. ನಡುವೆ ಬಳಪದ ಕಲ್ಲಿನಲ್ಲಿ ಕೆತ್ತಿದ ದೀಪ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕೆತ್ತಿದ ಕಲ್ಲಿನ ಜಾತಿಯದೇ ಅದು. ಮೆದುವಾಗಿ ಕೆತ್ತಿಸಿಕೊಳ್ಳುತ್ತದೆ, ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಅದರಲ್ಲಿ ಸೀಲ್ ಕೊಬ್ಬು, ಅಂಚಿಗೆ ಪಾಚಿಯ ಬತ್ತಿ. ಬೆಳಕು, ಅಡುಗೆ, ಬಟ್ಟೆ ಒಣಗಿಸುವುದು ಎಲ್ಲಕ್ಕೂ ಅದೊಂದೇ. ಅದನ್ನು ಹೊಗೆಯಾಡದಂತೆ ಉರಿಸುವ ವಿದ್ಯೆ ಮನೆಯೊಡತಿಯದು. ಎಗೆಡೆಗೆ ಒಳಗಿನ ಸೆಕೆಯೂ ವಾಸನೆಯೂ ತಡೆಯದಾಗಿತ್ತು. ಆದರೆ ಅವನ ಹಲಗೆಯ ಮನೆಯಲ್ಲಿ ಜನ ನಡುಗುತ್ತಿದ್ದಾಗ ಇಲ್ಲಿ ಮಕ್ಕಳು ಮೈಮೇಲೆ ಬಟ್ಟೆಯಿಲ್ಲದೆ ಆಡುತ್ತಿದ್ದವು.

ಮೊದಲ ಚಳಿಗಾಲ ಕಠಿಣವಾಗಿತ್ತು. ಬೇಟೆ ತಿಳಿಯದು, ಮೀನು ಹಿಡಿಯುವ ಜಾಗ ತಿಳಿಯದು. ಊರಿನಿಂದ ತಂದ ಉಪ್ಪು ಹಾಕಿದ ಮಾಂಸ, ಒಣಬಟಾಣಿ, ಗಟ್ಟಿ ಬಿಸ್ಕತ್ತು ಇಷ್ಟೇ. ಸ್ಕರ್ವಿ ರೋಗ ಕಾಣಿಸಿಕೊಂಡಿತು. ಒಸಡು ಬಾತು ರಕ್ತ ಸುರಿಯುವುದು, ಹಲ್ಲು ಅಲುಗುವುದು, ಹಳೆಯ ಗಾಯಗಳು ಮತ್ತೆ ಬಾಯಿಬಿಡುವುದು. ‘ಸಿ’ ಜೀವಸತ್ವದ ಕೊರತೆಯಿಂದ ಬರುವ ರೋಗವೆಂದು ನಿಮಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ಆ ಜೀವಸತ್ವವನ್ನು ವಿಜ್ಞಾನಿಗಳು ಬೇರ್ಪಡಿಸಿ ಗುರುತಿಸಿದ್ದು ಇನ್ನೂರು ವರ್ಷಗಳ ಮೇಲೆ. ಒಂದು ತರಕಾರಿಯಿಲ್ಲದ ನಾಡಿನಲ್ಲಿ ಇನೂಇಟ್ ಜನ ಮಾತ್ರ ಆರೋಗ್ಯವಾಗಿದ್ದರು. ತಿಮಿಂಗಿಲದ ಚರ್ಮವನ್ನು ಅದರ ಕೊಬ್ಬಿನ ಸಮೇತ ಹಸಿಯಾಗಿ ತಿನ್ನುತ್ತಾರೆ. ‘ಮತ್ತಕ್’ ಎಂದು ಅದರ ಹೆಸರು. ಅದರಲ್ಲಿ ಈ ಜೀವಸತ್ವ ಧಾರಾಳವಾಗಿದೆ. ಬೇಯಿಸಿದರೆ ಬಹುಪಾಲು ಹಾಳಾಗುತ್ತದೆ. ಹಸಿ ಮಾಂಸ ತಿನ್ನುವವರು ಅನಾಗರಿಕರೆಂದು ಮೂಗು ಮುರಿದವರ ಹಲ್ಲುಗಳು ಉದುರುತ್ತಿದ್ದವು. ಕಡಲ ಅಂಚಿನಲ್ಲಿ ಬೆಳೆಯುವ ಒಂದು ಸೊಪ್ಪು ಈ ರೋಗಕ್ಕೆ ಮದ್ದೆಂದು ಎಗೆಡೆ ಬಲ್ಲವನಾಗಿದ್ದ. ಅದರ ಗುಣವನ್ನು ಹೊಗಳಿ ಬರೆದಿದ್ದಾನೆ.

1722ರ ವಸಂತ ಕಳೆದರೂ ಬರ್ಗೆನ್ನಿನಿಂದ ಹಡಗು ಬರಲಿಲ್ಲ. ನಲವತ್ತು ಜನರೂ ಊರಿಗೆ ಹೊರಡೋಣವೆಂದು ಪಟ್ಟುಹಿಡಿದರು. ಎಗೆಡೆಯ ಧೈರ್ಯವೂ ಉಡುಗಿತು. ಆಗ ಗಂಟುಮೂಟೆ ಕಟ್ಟಲು ಒಲ್ಲೆನೆಂದು ಕೂತವಳು ಗೆರ್ಟ್ರುಡ್. ಹಡಗು ಬಂದೇ ಬರುತ್ತದೆ ಎಂಬುದು ಆಕೆಯ ಒಂದೇ ಮಾತು. ಜೂನ್ ಕೊನೆಯಲ್ಲಿ ಹಡಗು ಬಂತು. ಅದು ನಂಬಿಕೆಯ ಬಲವೋ ಕಾಕತಾಳೀಯವೋ ನೀವೇ ಯೋಚಿಸಿ. ಆಕೆ ಒಂದು ವಾರ ಸೋತಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ವಿಷಯವನ್ನು ಮುಚ್ಚಿಡಬಾರದು. ಎಗೆಡೆ ಸೌಮ್ಯ ಸಂತನೇನಲ್ಲ. ಇನೂಇಟ್ ಜನರಲ್ಲಿ ಅಂಗಾಕ್ಕೊಕ್ ಎಂಬ ಮಂತ್ರವೈದ್ಯರಿದ್ದರು. ಕಾಯಿಲೆಗೆ, ಬೇಟೆಗೆ, ಸಾವಿಗೆ ಎಲ್ಲದಕ್ಕೂ ಜನ ಅವರ ಮಾತು ಕೇಳುತ್ತಿದ್ದರು. ಎಗೆಡೆ ಅವರನ್ನು ವಂಚಕರೆಂದು ಬಗೆದು ಹೊಡೆದದ್ದೂ ಉಂಟು. ಅದನ್ನು ಅವನೇ ಬರೆದಿಟ್ಟಿದ್ದಾನೆ. ತಮಟೆ ಬಾರಿಸಿ ಹಾಡುವ ಅವರ ಸಂಪ್ರದಾಯ ಮುಂದೆ ಮಿಷನರಿಗಳ ಕಾಲದಲ್ಲಿ ಎಷ್ಟೋ ಕಡೆ ಅಳಿದುಹೋಯಿತು.

1724ರಲ್ಲಿ ಪೂಕ್ ಮತ್ತು ಕಿಪೆರೋಕ್ ಎಂಬ ಇಬ್ಬರು ಗ್ರೀನ್‌ಲ್ಯಾಂಡ್ ಯುವಕರು ಹಡಗು ಹತ್ತಿ ಕೋಪನ್‌ಹೇಗನ್ನಿಗೆ ಹೋದರು. ರಾಜನ ಮುಂದೆ ತಮ್ಮ ಚರ್ಮದ ದೋಣಿ ‘ಕಯಾಕ್’ ನಡೆಸಿ ತೋರಿಸಿದರು. ಅವರ ಚಿತ್ರವನ್ನೂ ಬರೆಸಲಾಯಿತು. ಕಿಪೆರೋಕ್ ಹಿಂದಿರುಗುವ ದಾರಿಯಲ್ಲಿ ಬರ್ಗೆನ್ನಿನಲ್ಲಿ ತೀರಿಕೊಂಡ. ಪೂಕ್ ಊರಿಗೆ ಬಂದು, ತಾನು ಕಂಡ ಅರಮನೆ, ಕುದುರೆ, ಜನಜಂಗುಳಿಗಳನ್ನೆಲ್ಲ ವರ್ಣಿಸಿದ. 1728ರಲ್ಲಿ ಹೆಂಡತಿಯನ್ನೂ ಕರೆದುಕೊಂಡು ಮತ್ತೆ ಹೋದ. ಎಗೆಡೆ ದಂಪತಿ ಅತ್ತಣಿಂದ ಇತ್ತ ಬಂದಂತೆ ಈ ದಂಪತಿ ಇತ್ತಣಿಂದ ಅತ್ತ ಹೋದರು. ಮರುವರ್ಷವೇ ಇಬ್ಬರೂ ಕೋಪನ್‌ಹೇಗನ್ನಿನಲ್ಲಿ ಸಿಡುಬಿಗೆ ಬಲಿಯಾದರು. ಈ ವರ್ಷವನ್ನು, ಅಂದರೆ 1729ನ್ನು, ನೆನಪಿಟ್ಟುಕೊಳ್ಳಿ.

ಈ ನಡುವೆ ಬರ್ಗೆನ್ನಿನ ಕಂಪನಿ ನಷ್ಟದಲ್ಲಿ ಮುಳುಗಿ 1727ರಲ್ಲಿ ಮುಚ್ಚಿತು. ರಾಜ ತಾನೇ ಕೆಲಸವನ್ನು ವಹಿಸಿಕೊಂಡ. 1728ರಲ್ಲಿ ಕ್ಲಾಸ್ ಪಾರ್ಸ್ ಎಂಬ ಸೇನಾಧಿಕಾರಿ ರಾಜ್ಯಪಾಲನಾಗಿ ಬಂದ. ವಸತಿಯನ್ನು ದ್ವೀಪದಿಂದ ಈಗಿನ ನೂಕ್‌ಗೆ ಸಾಗಿಸಿ ‘ಗೋತ್‌ಹೋಬ್’, ಎಂದರೆ ‘ಸದ್ಭರವಸೆ’, ಎಂದು ಹೆಸರಿಟ್ಟರು. ಅವನ ಜೊತೆ ಬಂದದ್ದು ಸೈನಿಕರು, ತೋಪುಗಳು, ಸೆರೆಮನೆಯಿಂದ ಬಿಡಿಸಿ ತಂದ ಗಂಡಸರು ಮತ್ತು ಹೆಂಗಸರು. ಈ ಖೈದಿಗಳಿಗೆ ಹೊರಡುವ ಮುನ್ನ ಚೀಟಿ ಎತ್ತಿ ಮದುವೆ ಮಾಡಿಸಿದ್ದರು! ಸಂಸಾರಗಳನ್ನು ಹೂಡಿದರೆ ಊರು ತಾನಾಗಿ ಬೆಳೆಯುತ್ತದೆ ಎಂಬುದು ಕಚೇರಿಯಲ್ಲಿ ಕೂತವರ ಲೆಕ್ಕ. ಕುದುರೆಗಳನ್ನೂ ತಂದಿದ್ದರು, ಮಂಜುಗಡ್ಡೆಯ ಮೇಲೆ ಸವಾರಿ ಮಾಡಿ ಪೂರ್ವ ಕರಾವಳಿಗೆ ಹೋಗಲು. ಮೂರು ಕಿಲೋಮೀಟರ್ ದಪ್ಪದ, ಬಿರುಕುಗಳಿಂದ ತುಂಬಿದ ಮಂಜಿನ ಮೇಲೆ! ಕುದುರೆಗಳು ಸತ್ತವು. ಮೊದಲ ಚಳಿಗಾಲದಲ್ಲೇ ನಲವತ್ತರಷ್ಟು ಜನ ಸ್ಕರ್ವಿಯಿಂದ ಸತ್ತರು. ಚೀಟಿಯ ಮದುವೆಗಳಿಂದ ಊರು ಬೆಳೆಯಲಿಲ್ಲ. ರಾಜ ಫ್ರೆಡರಿಕ್ 1730ರಲ್ಲಿ ತೀರಿಕೊಂಡ ಮೇಲೆ ಅವನ ಮಗ ಆರನೆಯ ಕ್ರಿಶ್ಚಿಯನ್, ಇನ್ನು ಸಾಕು, ಎಲ್ಲರೂ ಹಿಂದಿರುಗಿ ಎಂದು 1731ರಲ್ಲಿ ಆಜ್ಞೆ ಕಳುಹಿಸಿದ. ಉಳಿಯಬಯಸಿದರೆ ಉಳಿಯಬಹುದು, ಒಂದು ವರ್ಷದ ದಿನಸಿ ಕೊಡುತ್ತೇವೆ, ಆಮೇಲಿನ ಭರವಸೆಯಿಲ್ಲ. ಬಹುತೇಕ ಎಲ್ಲರೂ ಹಡಗು ಹತ್ತಿದರು. ಎಗೆಡೆ ಸಂಸಾರವೂ ಬೆರಳೆಣಿಕೆಯ ಆಳುಗಳೂ ಉಳಿದರು. ಹೊರಟ ಹಡಗಿನಲ್ಲಿ ಕೆಲವು ಗ್ರೀನ್‌ಲ್ಯಾಂಡ್ ಮಕ್ಕಳೂ ಕೋಪನ್‌ಹೇಗನ್ನಿಗೆ ಹೋದರು.

1733ರಲ್ಲಿ ಒಳ್ಳೆಯ ಸುದ್ದಿ ಹೊತ್ತು ಹಡಗು ಬಂತು. ರಾಜ ಮನಸ್ಸು ಬದಲಿಸಿದ್ದ. ವರ್ಷಕ್ಕೆ ಇಷ್ಟೆಂದು ಹಣವನ್ನೂ ಗೊತ್ತುಮಾಡಿದ್ದ. ಜರ್ಮನಿಯ ಹೆರ್ನ್‌ಹೂಟ್‌ನಿಂದ ಮೊರಾವಿಯನ್ ಪಂಥದ ಮೂವರು ಮಿಷನರಿಗಳೂ ಬಂದಿದ್ದರು. ಜೊತೆಯಲ್ಲಿ, ಎರಡು ವರ್ಷದ ಹಿಂದೆ ಹೋಗಿದ್ದ ಮಕ್ಕಳಲ್ಲಿ ಒಬ್ಬ ಹುಡುಗ ತನ್ನ ಊರಿಗೆ ಮರಳಿ ಬಂದಿದ್ದ. ಅವನ ಮೈಯಲ್ಲಿ ಸಿಡುಬಿತ್ತು.

ನಿಮ್ಮ ತಲೆಮಾರಿಗೆ ಸಿಡುಬು ಪುಸ್ತಕದ ಪದ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ‘ಅಮ್ಮ’ ಎಂದು ಅದರ ಹೆಸರನ್ನೇ ಹೇಳಲು ಹೆದರುತ್ತಿದ್ದ ಕಾಲವನ್ನು ಅವರು ಬಲ್ಲರು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಅದು ವೈರಸ್ಸಿನಿಂದ ಬರುವ ರೋಗ. ಮೈಗೆ ಸೇರಿ ಹತ್ತು ಹದಿನಾಲ್ಕು ದಿನ ಏನೂ ತೋರದೆ ಅಡಗಿರುತ್ತದೆ. ಒಮ್ಮೆ ಬಂದು ಬದುಕಿ ಉಳಿದವರಿಗೆ ಮತ್ತೆ ಬರುವುದು ಬಹಳ ಅಪರೂಪ. ಆದ್ದರಿಂದ ಯೂರೋಪಿನ ಊರುಗಳಲ್ಲಿ ದೊಡ್ಡವರು ಬಹುಮಟ್ಟಿಗೆ ಅದನ್ನು ಕಂಡವರೇ, ಅದು ಹೆಚ್ಚಾಗಿ ಮಕ್ಕಳ ರೋಗವಾಗಿತ್ತು. ಅದನ್ನು ಎಂದೂ ಕಾಣದ ಜನರ ನಡುವೆ ಬಂದರೆ ಮಕ್ಕಳು, ಮುದುಕರು, ಗಟ್ಟಿಮುಟ್ಟಾದ ಬೇಟೆಗಾರರು ಎಲ್ಲರೂ ಏಕಕಾಲಕ್ಕೆ ಮಲಗುತ್ತಾರೆ. ಬೇಟೆಗಾರ ಮಲಗಿದರೆ ಕೊಬ್ಬಿಲ್ಲ, ಕೊಬ್ಬಿಲ್ಲದಿದ್ದರೆ ದೀಪವಿಲ್ಲ, ದೀಪವಿಲ್ಲದಿದ್ದರೆ ನೀರು ಕೂಡ ಇಲ್ಲ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಿದರೇ ಕುಡಿಯುವ ನೀರು. ಹೀಗೆ ಸಿಡುಬಿನಿಂದ ಸತ್ತವರ ಜೊತೆ ಹಸಿವೆ ಚಳಿ ಬಾಯಾರಿಕೆಗಳಿಂದ ಸತ್ತವರೂ ಸೇರಿದರು. ಹಲವು ಸಂಸಾರಗಳು ಒಂದೇ ಜಗಲಿಯಲ್ಲಿ ಮಲಗುವ ಮನೆ ಚಳಿಗೆ ಎಷ್ಟು ಒಳ್ಳೆಯದೋ ಸೋಂಕಿಗೂ ಅಷ್ಟೇ ಅನುಕೂಲ.

ಹುಡುಗ ಸೆಪ್ಟೆಂಬರಿನಲ್ಲಿ ಸತ್ತ. ರೋಗ ಮುಂದಿನ ವರ್ಷದವರೆಗೂ ಕರಾವಳಿಯುದ್ದಕ್ಕೂ ಹರಿದಾಡಿತು. ಸತ್ತವರು ಸಾವಿರಾರು ಎಂದು ಅಂದಾಜು. ಗೋತ್‌ಹೋಬ್‌ನ ಸುತ್ತಮುತ್ತ ಮನೆಮನೆಗಳೇ ಬರಿದಾದವು. ನೋವು ತಾಳದೆ ಪ್ರಾಣ ಕಳೆದುಕೊಂಡವರಿದ್ದರು. ಎಗೆಡೆ ದೋಣಿಯಲ್ಲಿ ಊರೂರು ತಿರುಗಿ ಹೆಣಗಳನ್ನು ಹೂಳಿದ, ಉಳಿದ ಅನಾಥ ಮಕ್ಕಳನ್ನು ಮನೆಗೆ ತಂದ. ಆ ಮನೆಯೇ ಆಸ್ಪತ್ರೆಯಾಯಿತು. ಅದನ್ನು ನಡೆಸಿದವಳು ಗೆರ್ಟ್ರುಡ್. ಅರವತ್ತು ವರ್ಷದ ಹೆಂಗಸು, ತನ್ನ ಹಾಸಿಗೆಯ ಪಕ್ಕದಲ್ಲೇ ರೋಗಿಗಳನ್ನು ಮಲಗಿಸಿ ಕೀವು ತೊಳೆದು, ಗಂಜಿ ಕುಡಿಸಿದಳು. ಹನ್ನೆರಡು ವರ್ಷಗಳ ಉಪದೇಶದಿಂದ ಆಗದಿದ್ದದ್ದು ಆ ಒಂದು ಚಳಿಗಾಲದಲ್ಲಿ ಆಯಿತು. ಜನ ಇವರನ್ನು ನಂಬಿದರು. ಆದರೆ ಹಾಗೆ ನಂಬಲು ಉಳಿದವರೇ ಬಹಳ ಸ್ವಲ್ಪ.

ಇಲ್ಲಿ ನಾನು ನಿಮ್ಮನ್ನು ಒಂದು ಕ್ಷಣ ನಿಲ್ಲಿಸುತ್ತೇನೆ. ಸಿಡುಬು ಹೇಗೆ ಹರಡುತ್ತದೆ, ವೈರಸ್ ಎಂದರೇನು ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಜೆನ್ನರನ ಲಸಿಕೆ ಬಂದದ್ದು 1796ರಲ್ಲಿ. ಆದರೆ ಅದು ಅಂಟುರೋಗವೆಂಬುದು ಎಲ್ಲರಿಗೂ ಗೊತ್ತಿತ್ತು. ಗ್ರೀನ್‌ಲ್ಯಾಂಡಿನವರು ಅದಕ್ಕೆ ಎಷ್ಟು ಬೇಗ ಬಲಿಯಾಗುತ್ತಾರೆ ಎಂಬುದನ್ನು 1729ರಲ್ಲೇ ಪೂಕ್ ದಂಪತಿಯ ಸಾವು ತೋರಿಸಿಕೊಟ್ಟಿತ್ತು. ಆದರೂ ನಾಲ್ಕು ವರ್ಷಗಳ ಮೇಲೆ ಕೋಪನ್‌ಹೇಗನ್ನಿನಿಂದ ಹುಡುಗನನ್ನು ಹಡಗು ಹತ್ತಿಸಿ ಕಳುಹಿಸುವಾಗ ಯಾರೂ ಅದನ್ನು ನೆನೆಯಲಿಲ್ಲ. ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ನಿಜ. ಆದರೆ ಉದ್ದೇಶ ಒಳ್ಳೆಯದಿತ್ತೆಂಬ ಕಾರಣಕ್ಕೆ ಇತಿಹಾಸ ಬರೆಯುವವರು ಈ ಪುಟವನ್ನು ಬೇಗ ತಿರುವಿಹಾಕುತ್ತಾರೆ. ಗೆರ್ಟ್ರುಡಳ ಶುಶ್ರೂಷೆಯನ್ನು ಹೊಗಳುವ ಪುಸ್ತಕಗಳಲ್ಲಿ ರೋಗ ಎಲ್ಲಿಂದ ಬಂತೆಂಬುದಕ್ಕೆ ಒಂದು ಸಾಲು, ಆಕೆಯ ಕರುಣೆಗೆ ಎರಡು ಪುಟ. ಎರಡನ್ನೂ ಒಟ್ಟಿಗೆ ಓದಬೇಕು ಎಂಬುದು ನನ್ನ ಅಭಿಪ್ರಾಯ. ಔಷಧವೂ ರೋಗವೂ ಬಂದದ್ದು ಒಂದೇ ಬಂದರಿನಿಂದ.

ಆ ಶ್ರಮದಿಂದ ಗೆರ್ಟ್ರುಡ್ ಚೇತರಿಸಿಕೊಳ್ಳಲಿಲ್ಲ. 1735ರ ಡಿಸೆಂಬರ್ 21ರಂದು ತೀರಿಕೊಂಡಳು. ಅದು ವರ್ಷದ ಅತಿ ಚಿಕ್ಕ ಹಗಲು. ನೂಕ್‌ನಲ್ಲಿ ಅಂದು ಸೂರ್ಯ ಕಾಣುವುದು ಸುಮಾರು ನಾಲ್ಕು ಗಂಟೆ ಮಾತ್ರ. ಎಗೆಡೆಯೂ ಕುಗ್ಗಿಹೋದ. 1736ರಲ್ಲಿ ಹೆಂಡತಿಯ ಶವಪೆಟ್ಟಿಗೆಯನ್ನು ಹಡಗಿಗೆ ಏರಿಸಿಕೊಂಡು ಕೋಪನ್‌ಹೇಗನ್ನಿಗೆ ಹಿಂದಿರುಗಿ ಅಲ್ಲಿ ಹೂಳಿದ. ಗ್ರೀನ್‌ಲ್ಯಾಂಡಿಗೆ ಹೋಗುವ ಮಿಷನರಿಗಳಿಗೆ ಭಾಷೆ ಕಲಿಸುತ್ತ, ಆ ನಾಡಿನ ಬಗ್ಗೆ ಪುಸ್ತಕ ಬರೆದು, 1758ರಲ್ಲಿ ತೀ‌ರಿಕೊಂಡ.

ಮಕ್ಕಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಟವಾಡುತ್ತ ಭಾಷೆ ಕಲಿತ ಪೋಲ್ 1750ರಲ್ಲಿ ಗ್ರೀನ್‌ಲ್ಯಾಂಡ್ ಭಾಷೆಯ ನಿಘಂಟನ್ನೂ, 1760ರಲ್ಲಿ ವ್ಯಾಕರಣವನ್ನೂ, 1766ರಲ್ಲಿ ಹೊಸ ಒಡಂಬಡಿಕೆಯ ಅನುವಾದವನ್ನೂ ಪ್ರಕಟಿಸಿದ. ನಮ್ಮ ಕಿಟೆಲ್ ಅವರ ಕನ್ನಡ ನಿಘಂಟು ಬಂದದ್ದು 1894ರಲ್ಲಿ ಎಂಬುದನ್ನು ನೆನೆದರೆ ಅದು ಎಷ್ಟು ಹಿಂದಿನದು ನೋಡಿ. ನೀಲ್ಸ್ ವ್ಯಾಪಾರಿಯಾಗಿ ಅಲ್ಲಿಗೇ ಮರಳಿದ.

ಎಗೆಡೆಯ ಮೊಮ್ಮಗ ಹಾನ್ಸ್ ಎಗೆಡೆ ಸಾಬ್ಯೆ 1770ರ ದಶಕದಲ್ಲಿ ಅಲ್ಲಿ ಪಾದ್ರಿಯಾಗಿದ್ದಾಗ ದಿನಚರಿಯಲ್ಲಿ ಒಂದು ವಿಚಿತ್ರವನ್ನು ಬರೆದಿಟ್ಟ. ಡೆನ್ಮಾರ್ಕಿನಲ್ಲಿ ಚಳಿಗಾಲ ಕಠೋರವಾದ ವರ್ಷ ಗ್ರೀನ್‌ಲ್ಯಾಂಡಿನಲ್ಲಿ ಅದು ಮೃದುವಾಗಿರುತ್ತದೆ, ಅಲ್ಲಿ ಮೃದುವಾದರೆ ಇಲ್ಲಿ ಕಠೋರ. ಎರಡೂ ಕಡೆ ಬಾಳಿದ ಸಂಸಾರಕ್ಕಲ್ಲದೆ ಇದು ಬೇರೆ ಯಾರಿಗೆ ತಿಳಿಯಬೇಕು? ನೂರೈವತ್ತು ವರ್ಷಗಳ ಮೇಲೆ ಈ ಏರಿಳಿತಕ್ಕೆ ‘ಉತ್ತರ ಅಟ್ಲಾಂಟಿಕ್ ಆಂದೋಲನ’ ಎಂದು ಹೆಸರಿಟ್ಟವರು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದವರು. ಅವರು ಹುಡುಕುತ್ತಿದ್ದುದು ನಮ್ಮ ಮುಂಗಾರು ಮಳೆ ಏಕೆ ಕೈಕೊಡುತ್ತದೆ ಎಂಬುದನ್ನು. ಅದಕ್ಕಾಗಿ ಜಗತ್ತಿನೆಲ್ಲೆಡೆಯ ವಾಯುಭಾರದ ಅಂಕಿಗಳನ್ನು ಜಾಲಾಡುವಾಗ ಇದೂ ಕೈಗೆ ಸಿಕ್ಕಿತು.

ಗ್ರೀನ್‌ಲ್ಯಾಂಡ್ 1953ರವರೆಗೆ ಡೆನ್ಮಾರ್ಕಿನ ವಸಾಹತಾಗಿತ್ತು. 1979ರಲ್ಲಿ ಸ್ಥಳೀಯ ಆಡಳಿತ, 2009ರಲ್ಲಿ ಇನ್ನೂ ವಿಸ್ತಾರವಾದ ಸ್ವಯಮಾಡಳಿತ ದೊರೆಯಿತು. ಗೋತ್‌ಹೋಬ್ ಮತ್ತೆ ನೂಕ್ ಆಯಿತು. 1728ರಲ್ಲಿ ಕಟ್ಟಿದ ಎಗೆಡೆಯ ಮನೆ ಅಲ್ಲಿ ಇಂದಿಗೂ ನಿಂತಿದೆ. ಊರಿನ ಗುಡ್ಡದ ಮೇಲೆ ಅವನ ಪ್ರತಿಮೆಯಿದೆ. 2020ರ ಜೂನ್ 21ರಂದು, ಗ್ರೀನ್‌ಲ್ಯಾಂಡಿನ ರಾಷ್ಟ್ರೀಯ ದಿನದಂದು, ಯಾರೋ ಅದರ ಮೇಲೆ ಕೆಂಪು ಬಣ್ಣ ಸುರಿದರು. ಪ್ರತಿಮೆ ಇರಬೇಕೇ ಬೇಡವೇ ಎಂದು ಊರಿನವರ ಮತ ಕೇಳಲಾಯಿತು. ಇರಲಿ ಎಂದವರು 921, ಬೇಡ ಎಂದವರು 600. ಮತದ ಹಕ್ಕಿದ್ದ ಬಹುಪಾಲು ಜನ ಮತ ಹಾಕಲೇ ಇಲ್ಲ.

ಗೆರ್ಟ್ರುಡಳ ಹೆಸರು ದಕ್ಷಿಣದ ಕಾಕೊರ್ತೋಕ್ ಎಂಬ ಊರಿನ ಒಂದು ಚರ್ಚಿಗಿದೆ. 1973ರಲ್ಲಿ ಕಟ್ಟಿದ್ದು. ಅಲ್ಲಿಂದ ದೋಣಿಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಹ್ವಾಲ್ಸೇ. 1408ರ ಸೆಪ್ಟೆಂಬರಿನಲ್ಲಿ ಮದುವೆ ನಡೆದ ಆ ಚರ್ಚಿನ ಗೋಡೆಗಳು ಕಡಲಿಗೆ ಮುಖ ಮಾಡಿ ಇನ್ನೂ ನಿಂತಿವೆ.